ಖಾಲಿ ಡಬ್ಬಿ ಅಳೆಯುವ ಕಾಕಾ

ಐದು ಲೀಟರ್ ಹಾಲು ಕೈಗೆ ಕೊಟ್ಟರೆ ಮೊಸರು ಮಾಡುವವರಿದ್ದಾರೆ, ಖೋವಾ ಮಾಡುವವರಿದ್ದಾರೆ, ನೀರು ಬೆರೆಸಿ ಎಂಟು ಲೀಟರ್ ಮಾಡುವವರೂ ಇದ್ದಾರೆ. ಆದರೆ ಅದನ್ನು ಕುದಿಸಿ, ಇಂಗಿಸಿ, ಒಣಗಿಸಿ, ಭಟ್ಟಿಯಲ್ಲಿ ಸುಟ್ಟು, ಕೊನೆಗೆ ಉಳಿದ ಒಂದು ಹಿಡಿ ಬೂದಿಯನ್ನು ಕಂಡು 'ಭಾಳ ಛಲೋ ಬಂತು' ಎಂದು ಹಿಗ್ಗುವವರು ಈ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬರೇ ಇರಬೇಕು.

ಗಾಬರಿಯಾಗಬೇಡಿ, ಇದು ಹುಚ್ಚಲ್ಲ. ತಿಂಗಳಿಗೊಮ್ಮೆ ಪಗಾರ ಬರುವ ಉದ್ಯೋಗ. ಹೈದರಾಬಾದಿನ ಒಂದು ಮೂಲೆಯಲ್ಲಿ, ಹೆಚ್ಚು ಜನ ಓಡಾಡದ ರಸ್ತೆಯಲ್ಲಿ ಒಂದು ಪ್ರಯೋಗಾಲಯವಿದೆ. ನಾವು ತಿನ್ನುವ ಅಕ್ಕಿ, ಸೊಪ್ಪು, ಮೀನು, ಕುಡಿಯುವ ಹಾಲು, ನೀರು, ತುಳಿಯುವ ಮಣ್ಣು ಇವುಗಳಲ್ಲಿ ವಿಕಿರಣ ಎಷ್ಟಿದೆ ಎಂದು ಅಲ್ಲಿ ಅಳೆಯುತ್ತಾರೆ. ಇದೆಯೋ ಇಲ್ಲವೋ ಎಂಬ ಪ್ರಶ್ನೆ ಅವರಿಗಿಲ್ಲ. ಕಾಕಾನ ಪ್ರಕಾರ ಎಲ್ಲದರಲ್ಲೂ ಇದೆ. ಬಾಳೆಹಣ್ಣಿನಲ್ಲಿದೆ, ಬಟಾಟೆಯಲ್ಲಿದೆ, ನನ್ನಲ್ಲಿದೆ, ಈ ಪ್ರಬಂಧ ಓದುತ್ತಿರುವ ನಿಮ್ಮಲ್ಲೂ ಇದೆ. ಹುಟ್ಟಿದಾಗಿನಿಂದ ಇದ್ದದ್ದು, ಯಾರಿಗೂ ಏನೂ ಮಾಡದಷ್ಟು ಕಡಿಮೆ. ಆ ಕಡಿಮೆ ಎಷ್ಟು ಕಡಿಮೆ ಎಂದು ಹೇಳುವುದರಲ್ಲೇ ಕಾಕಾ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದಾರೆ.

ನಾನು ಯಾರೆಂದು ಹೇಳಲಿಲ್ಲ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತೆಂದು ಬೀದರಿನಿಂದ ಬಂದು, 'ಒಂದು ತಿಂಗಳು ಇರ್ತೀನಿ, ಆಮೇಲೆ ರೂಮು ನೋಡ್ತೀನಿ' ಎಂದು ಕಾಕಾನ, ಅಂದರೆ ಚಿಕ್ಕಪ್ಪನ, ಮನೆ ಸೇರಿ ಈಗ ನಾಲ್ಕನೆಯ ವರ್ಷ ನಡೆಯುತ್ತಿರುವ ಅತಿಥಿ. ವಿಮಾನ ತಡವಾದಾಗ ಕೌಂಟರಿನಲ್ಲಿ ನಿಂತು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು ನನ್ನ ಉದ್ಯೋಗ. ಕನ್ನಡದಲ್ಲಿ ಕ್ಷಮೆ ಕೇಳುವ ಅಭ್ಯಾಸವನ್ನು ಮನೆಯಲ್ಲಿ ಮಾಡಿಕೊಂಡಿದ್ದೇನೆ. ಏಕೆಂದರೆ ನನಗೆ ಕಂಡವರ ಧ್ವನಿಯನ್ನೆಲ್ಲ ಅಣಕಿಸುವ ಚಟ. ಮೇಲಿನ ಮನೆಯ ಆಂಟಿ, ಹಾಲಿನವನು, ನನ್ನ ಮೇಲಧಿಕಾರಿ, ಫೋನಿನಲ್ಲಿ ಸಾಲ ಕೊಡುತ್ತೇನೆನ್ನುವ ಹುಡುಗಿ, ಯಾರನ್ನೂ ಬಿಟ್ಟವನಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಂಘದ ಅಧ್ಯಕ್ಷರನ್ನೇ ಅಣಕಿಸಿ, ಚಪ್ಪಾಳೆಯನ್ನೂ ನಿಷೇಧವನ್ನೂ ಒಂದೇ ಸಂಜೆ ಗಳಿಸಿದವನು.

ಆದರೆ ಕಾಕಾನನ್ನು ಅಣಕಿಸುವುದು ಬಹಳ ಕಷ್ಟ. ಅವರ ಮಾತಿನಲ್ಲಿ ಮುಕ್ಕಾಲು ಪಾಲು ಮೌನ. ಪ್ರಶ್ನೆ ಕೇಳಿದರೆ ಮೊದಲು ಫ್ಯಾನಿನ ಕಡೆ ನೋಡುತ್ತಾರೆ. ಫ್ಯಾನು ಸುಮಾರು ನಲವತ್ತು ಸುತ್ತು ತಿರುಗಿದ ಮೇಲೆ ಉತ್ತರ ಬರುತ್ತದೆ. ಬಂದರೂ 'ಇಲ್ಲ' ಎಂದು ಬರುವುದಿಲ್ಲ. ಅವರ ಶಾಸ್ತ್ರದಲ್ಲಿ ಸೊನ್ನೆ ಎಂಬುದಿಲ್ಲವಂತೆ. ಯಂತ್ರದ ಕಿವಿಗೆ ಬೀಳುವಷ್ಟಿದೆ ಅಥವಾ ಬೀಳುವಷ್ಟಿಲ್ಲ, ಅಷ್ಟೇ. ಈ ಶಾಸ್ತ್ರವನ್ನು ಅವರು ಮನೆಗೂ ತಂದಿದ್ದರು.

"ಏನ್ರಿ, ಸಾರಿಗೆ ಉಪ್ಪು ಹಾಕೇನೋ ಇಲ್ಲೋ ನೋಡ್ರಿ," ಎಂದು ಕಾಕೂ, ಅಂದರೆ ನನ್ನ ಚಿಕ್ಕಮ್ಮ, ಕೇಳುತ್ತಿದ್ದರು.

ಕಾಕಾ ಒಂದು ಚಮಚ ಬಾಯಿಗೆ ಹಾಕಿಕೊಂಡು ಫ್ಯಾನು ನೋಡುತ್ತಿದ್ದರು. "ಇಲ್ಲ ಅಂತ ಹೇಳಾಕ ಬರೂದಿಲ್ಲ. ಸಿಗೂವಷ್ಟಿಲ್ಲ."

ಒಮ್ಮೆ ನಮ್ಮಪ್ಪ ಬೀದರಿನಿಂದ ಫೋನು ಮಾಡಿ ನನ್ನ ವಿಚಾರ ಕೇಳಿದರು. ಸ್ಪೀಕರ್ ಹಾಕಿತ್ತು, ನಾನು ಎದುರಿಗೇ ಕೂತು ಅವಲಕ್ಕಿ ತಿನ್ನುತ್ತಿದ್ದೆ. "ಏನಪಾ, ಈ ಹುಡುಗನಿಗೆ ಅಲ್ಲಿಗೆ ಬಂದ ಮ್ಯಾಲರೆ ಸ್ವಲ್ಪ ಬುದ್ಧಿ ಬಂದೈತೇನು?"

ಫ್ಯಾನು ತಿರುಗಿತು. "ಇಲ್ಲ ಅಂತ ಹೇಳಾಕ ಬರೂದಿಲ್ಲಣ್ಣಾ," ಎಂದರು ಕಾಕಾ.

ನಮ್ಮ ಮನೆ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ಗಲ್ಲಿಯ ತುದಿಗೆ ಒಬ್ಬ ಮುದುಕ ಸೊಪ್ಪಿನ ಬಂಡಿ ನಿಲ್ಲಿಸುತ್ತಾನೆ. ಕಾಕಾನ ಪ್ರಯೋಗಾಲಯಕ್ಕೆ ಜನ ನಿಜವಾಗಿ ಕೊಂಡು ತಿನ್ನುವ ಸೊಪ್ಪೇ ಬೇಕು, ಅದೂ ರಾಶಿಗಟ್ಟಲೆ. ಎಂಟು ಕಿಲೋ ಸುಟ್ಟರೆ ಒಂದು ಬಟ್ಟಲು ಬೂದಿ. ಮೊದಲ ಸಲ ಕಾಕಾ ಎಂಟು ಕಿಲೋ ಪಾಲಕ್ ತೂಗಿಸಿದಾಗ ಮುದುಕನಿಗೆ ಸಂಭ್ರಮ.

"ಕ್ಯಾ ಸಾಬ್, ಘರ್ ಮೇ ದಾವತ್ ಹೈ ಕ್ಯಾ?"

"ದಾವತ್ ನಕ್ಕೋ. ಜಲಾನೇಕೂ ಹೋನಾ," ಎಂದರು ಸತ್ಯಸಂಧ ಕಾಕಾ. ಊಟಕ್ಕಲ್ಲ, ಸುಡಲಿಕ್ಕೆ.

ಮುದುಕ ತಕ್ಕಡಿ ಹಿಡಿದೇ ನಿಂತ. ಮುಂದಿನ ತಿಂಗಳು ಹೋದಾಗ ಆತ ಬಂಡಿಯ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಇಟ್ಟ. ತುಂಬ ಹಳದಿ ತಿರುಗಿದ, ಕೊಳೆತ ಎಲೆ. "ಜಲಾನೇಕೂ ತಾಜಾ ಕಾಯ್ಕು ಸಾಬ್? ಯೇ ಲೇಜಾವ್. ಆಪ್ ಕೇ ವಾಸ್ತೇಚ್ ರಖಾ." ಸುಡಲಿಕ್ಕೆ ತಾಜಾ ಯಾಕೆ, ನಿಮಗಾಗಿಯೇ ಎತ್ತಿಟ್ಟೆ ಎನ್ನುವ ಆತನ ಮುಖದಲ್ಲಿ ಎಂಥ ಪ್ರೀತಿ. ಕಾಕಾನ ಮುಖದಲ್ಲಿ ಎಂಥ ಅವಮಾನ. ಅಲ್ಲೇ ನಿಂತು ಇಪ್ಪತ್ತು ನಿಮಿಷ ಪಾಠ ಮಾಡಿದರು: ಸೊಪ್ಪು ಊಟದ ತಟ್ಟೆಗೆ ಹೇಗೆ ಬರುತ್ತದೋ ಹಾಗೇ ಸುಡಬೇಕು, ಬೇರು ಕತ್ತರಿಸಬೇಕು, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಬೇಕು. ಮುದುಕ ಪೂರ್ತಿ ಕೇಳಿ, ಅವರು ಅತ್ತ ಹೋದ ಮೇಲೆ ನನ್ನನ್ನು ಕರೆದು, "ಕಬ್ ಸೇ ಐಸಾ ಹೈ ಬೇಟಾ?" ಎಂದು ಕೇಳಿದ. ಯಾವಾಗಿನಿಂದ ಹೀಗೆ. ಹುಟ್ಟಿದಾಗಿನಿಂದ ಎಂದೆ. ಅಂದಿನಿಂದ ಆತ ನನಗೆ ಕೊತ್ತಂಬರಿ ಪುಕ್ಕಟೆ ಕೊಡುತ್ತಾನೆ, ಪಾಪ ಆ ಮನೆಯ ಹುಡುಗ ಎಂದು.

ಇಷ್ಟೆಲ್ಲ ಸುಟ್ಟು ಮಾಡಿದ ಬೂದಿಯನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಒಂದು ತಿಂಗಳು ಸುಮ್ಮನೆ ಕೂರಿಸುತ್ತಾರೆ. ಆಮೇಲೆ ದಪ್ಪ ಸೀಸದ ಗೋಡೆಯ ಒಂದು ಬಾವಿಯಂಥ ಪೆಟ್ಟಿಗೆಯೊಳಗೆ ಇಳಿಸಿ, ಒಂದಿಡೀ ದಿನ ಎಣಿಸುತ್ತಾರೆ. ಎಲ್ಲಕ್ಕೂ ಮುಂಚೆ ಅದೇ ಅಳತೆಯ ಖಾಲಿ ಡಬ್ಬಿಯನ್ನು ಇಳಿಸಿ, ಅದನ್ನೂ ಒಂದಿಡೀ ದಿನ ಎಣಿಸಬೇಕು. ಖಾಲಿ ಡಬ್ಬಿಯಲ್ಲಿ ಎಣಿಸುವುದೇನು ಎಂದು ನಾನು ಕೇಳಿದ್ದೆ.

"ಮದುವಿ ಮನ್ಯಾಗ ಒಂದು ಇರುವೆ ಕೆಮ್ಮೈತಿ ಅಂತ ತಿಳಿ," ಎಂದರು ಕಾಕಾ. "ಅದು ಕೇಳಬೇಕಂದ್ರ ಮೊದಲ ಮದುವಿ ಗದ್ದಲಾ ಎಷ್ಟಂತ ಗೊತ್ತಿರಬೇಕು. ಗ್ವಾಡಿ, ಗಾಳಿ, ಆಕಾಶ, ಎಲ್ಲಾದೂ ಒಂದೀಟು ಗದ್ದಲಾ ಇರತೈತಿ. ಅದನ್ನ ಕಳೀಬೇಕು. ಉಳಿದದ್ದು ಇರುವೆದು."

"ಮಂದಿ ಡಬ್ಬಿ ತುಂಬಸಾಕ ದುಡೀತಾರ," ಎಂದರು ಕಾಕೂ ಒಳಗಿನಿಂದ. "ನಮ್ಮವರು ಖಾಲಿ ಡಬ್ಬಿ ನೋಡಾಕ ದುಡೀತಾರ."

ಇಡೀ ಪ್ರಯೋಗಾಲಯದಲ್ಲಿ ಕಾಕಾನ ಖಾಲಿ ಡಬ್ಬಿಯಷ್ಟು ಶುದ್ಧ ಖಾಲಿ ಡಬ್ಬಿ ಯಾರದೂ ಇಲ್ಲವಂತೆ. ಬೇರೆಯವರು ಫೋನಿನಲ್ಲಿ ಮೊಮ್ಮಕ್ಕಳ ಫೋಟೊ ತೋರಿಸುವ ಹಾಗೆ ಕಾಕಾ ತಮ್ಮ ಖಾಲಿ ಡಬ್ಬಿಯ ಗ್ರಾಫು ತೋರಿಸುತ್ತಿದ್ದರು. ಸಪಾಟು ಗೆರೆ. "ನೋಡು, ಎಲ್ಲೂ ಒಂದು ಗುಬಟಿಲ್ಲ." ನಾನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಭಾಳ ಚಂದ ಐತಿ ಕಾಕಾ, ನಿಮ್ಮ ಹಂಗ ಐತಿ," ಎನ್ನುತ್ತಿದ್ದೆ.

ಈ ಡಬ್ಬಿಗಳೇ ಒಂದು ಅನಾಹುತ ಮಾಡಿದವು. ಎಣಿಸಿ ಮುಗಿದ ಬೂದಿಯನ್ನು ಚೆಲ್ಲಲು ಮನಸ್ಸಾಗದೆ ಕಾಕಾ ಗುಲಾಬಿ ಕುಂಡಕ್ಕೆಂದು ಮನೆಗೆ ತರುತ್ತಿದ್ದರು. ಗಟ್ಟಿಮುಟ್ಟಾದ ಡಬ್ಬಿ ಕಂಡರೆ ಯಾವ ಗೃಹಿಣಿ ಸುಮ್ಮನಿದ್ದಾಳು? ಕಾಕೂ ಅವನ್ನು ತೊಳೆದು ಶೇಂಗಾ ಚಟ್ನಿಪುಡಿ ತುಂಬಿಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಅವಸರದಲ್ಲಿ ಡಬ್ಬಿ ತೆಗೆದು, ರೊಟ್ಟಿಯ ಮೇಲೆ ಪುಡಿ ಸುರಿದು, ಎಣ್ಣೆ ಹಾಕಿ ಕಲಸಿ ತಿಂದೆ. ಎರಡು ತುತ್ತಾದ ಮೇಲೆ, "ಕಾಕೂ, ಈ ಸಲ ಶೇಂಗಾ ಭಾಳ ಹುರಿದೀರಿ," ಎಂದೆ.

ಕಾಕಾ ಪೇಪರು ಕೆಳಗಿಟ್ಟು ಡಬ್ಬಿಯ ತಳದ ನಂಬರು ಓದಿದರು. "ಇದು ಪಾಲಕ್ಕು. ಎಷ್ಟು ತಿಂದಿ? ಗ್ರಾಮಿನ್ಯಾಗ ಹೇಳು."

"ಕಾಕಾ, ನನಗೇನಾಗ್ತದ?"

"ನಿನಗೇನಾಗ್ತದ? ಎಣಿಸಿದ್ದು ಅದು. ಅದ್ರಾಗ ಏನೈತಿ ಅಂತ ನಿನ್ನ ಕ್ಯಾಂಟೀನ್ ಊಟಕ್ಕಿಂತ ಛಲೋ ಗೊತ್ತೈತಿ," ಎಂದವರು ಒಮ್ಮೆಲೆ ಬೆವರಿದರು. "ಹಂಗಾದ್ರ ನಾ ನಿನ್ನೆ ಇನ್ನೊಮ್ಮೆ ಎಣಿಸಾಕಂತ ಮನಿಯಿಂದ ಒಯ್ದು ಬಾವ್ಯಾಗ ಇಳಿಸಿ ಬಂದದ್ದು ಏನು?"

ಚಟ್ನಿಪುಡಿ ಸೀಸದ ಬಾವಿಯಲ್ಲಿ ಒಂದಿಡೀ ದಿನ ಕೂತು ಎಣಿಸಿಕೊಂಡಿತ್ತು. ಪ್ರಯೋಗಾಲಯದ ಮುಖ್ಯಸ್ಥೆ, ಕಾಕಾ ಎದ್ದುನಿಂತು ಮಾತಾಡುವ ಏಕೈಕ ವ್ಯಕ್ತಿಯಾದ ತೆಲುಗಿನ ಮೇಡಂ, ಅದಕ್ಕೆ ವರದಿಯನ್ನೂ ತೆಗೆಸಿದರು. ಕಾಕಾ ಸಂಜೆ ವರದಿ ಓದಿದರು: "ಪೊಟ್ಯಾಸಿಯಂ ಐತಿ, ಸಹಜ ಪ್ರಮಾಣ. ಬೆಳ್ಳುಳ್ಳಿ ಕಡಿಮಿ ಐತಿ."

"ಅದೂ ಯಂತ್ರ ಹೇಳ್ತೇನು?" ಎಂದರು ಕಾಕೂ.

"ಇಲ್ಲ, ಅದು ಮೇಡಂ ಹೇಳಿದ್ರು."

ಇಂಥವರನ್ನು ಗೃಹಪ್ರವೇಶಕ್ಕೆ ಕರೆಯಬಾರದು. ಕರೆದರು. ಶಂಶಾಬಾದಿನ ಹತ್ತಿರ ನಮ್ಮ ದೂರದ ಸಂಬಂಧಿಕರೊಬ್ಬರು ಫ್ಲ್ಯಾಟು ಕೊಂಡು, ಅಡುಗೆಮನೆಯಿಂದ ಬಚ್ಚಲವರೆಗೆ ಕೆಂಪು ಗ್ರಾನೈಟು ಹಾಸಿದ್ದರು. ಎಲ್ಲರೂ ಹೊಗಳುತ್ತಿರುವಾಗ ಕಾಕಾ ನೆಲಕ್ಕೆ ಕೂತು ಕಲ್ಲು ಸವರಿ, "ಇದು ನಿಮ್ಮ ಊಟಕ್ಕಿಂತ ಹೆಚ್ಚು ಎಣಿಸ್ತೈತಿ," ಎಂದುಬಿಟ್ಟರು. ಮನೆಯೊಡೆಯರ ಹೋಳಿಗೆ ಗಂಟಲಲ್ಲೇ ನಿಂತಿತು.

"ಹೆದರಬ್ಯಾಡ್ರಿ," ಎಂದು ಕಾಕಾ ಸಮಾಧಾನ ಹೇಳಿದರು. "ಏನೂ ಆಗೂದಿಲ್ಲ ಅನ್ನೂವಷ್ಟು ಸಣ್ಣದು. ಹಿಂಗ ನೋಡಿದ್ರ ಗಂಡಾ ಹೆಂಡತಿ ಆಜುಬಾಜು ಮಲಗಿದ್ರೂ ಒಬ್ಬರದು ಒಬ್ಬರಿಗೆ ಹತ್ತತೈತಿ."

ಹೆಂಗಸರ ಕಡೆ ನಗೆ ಎದ್ದಿತು. ಕಾಕೂ ಸೆರಗು ಸರಿಮಾಡಿಕೊಂಡು, "ಹೌದೇನ್ರಿ? ಹಂಗಾದ್ರ ಇಷ್ಟು ವರ್ಷದಾಗ ನನ್ನದು ನಿಮಗ ಎಷ್ಟು ಹತ್ತೈತಿ ಹೇಳ್ರಿ, ಎಲ್ಲಾರೂ ಕೇಳಲಿ," ಎಂದರು.

ಜಗತ್ತಿನ ಯಾವ ಗಂಡನಾದರೂ ಇಲ್ಲಿ ಒಂದು ಸುಳ್ಳು ಹೇಳಿ ಬದುಕಿಕೊಳ್ಳುತ್ತಿದ್ದ. ಕಾಕಾ ಹೊಸ ಫ್ಲ್ಯಾಟಿನ ಹೊಸ ಫ್ಯಾನು ನೋಡಿದರು. "ಅಳೆಯೂವಷ್ಟಿಲ್ಲ," ಎಂದರು. ಮನೆಯಲ್ಲಿ ಎರಡು ದಿನ ನಾನೇ ಚಹಾ ಮಾಡಿದೆ.

ಈ ಗೃಹಪ್ರವೇಶ ಕಳೆದು ಕೆಲವು ತಿಂಗಳಿಗೆ ಕಾಕೂನ ಕೈ ನಡುಗತೊಡಗಿತು.

ಮೊದಲು ಚಹಾದ ಕಪ್ಪು ಕೆಳಗಿನ ಬಸಿಯಲ್ಲಿ ಕಿಣಿಕಿಣಿ ಎಂದಿತು. ನಾನು ಅದನ್ನೂ ಅಣಕಿಸಿದೆ, ಬಸಿ ಅಲ್ಲಾಡಿಸಿ ಸ್ಟೇಷನ್ನಿನ ಗಂಟೆ ಎಂದೆ. ಕಾಕೂ ನಕ್ಕರು. ಆಮೇಲೆ ರೊಟ್ಟಿ ಬಡಿಯುವಾಗ ಅಂಚು ಹರಿಯಿತು, ಕುಂಕುಮ ಹುಬ್ಬಿನ ಮೇಲೆ ಹೋಯಿತು, ಮೈ ಇಳಿಯಿತು, ಎರಡು ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನತೊಡಗಿತು. ನಾನು ಅಣಕಿಸುವುದನ್ನು ನಿಲ್ಲಿಸಿದೆ. ಕುತ್ತಿಗೆಯಲ್ಲಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಆರು ತಿಂಗಳು ಮಾತ್ರೆ ನುಂಗಿದರೂ ಅದು ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಹೇಳಿದ ಔಷಧ ಕೇಳಿ ನಾನು ಕಾಕಾನ ಮುಖ ನೋಡಿದೆ. ವಿಕಿರಣವಿರುವ ಅಯೋಡಿನ್. ಒಂದೇ ಸಲ ನುಂಗುವುದು. ಅದು ನೇರವಾಗಿ ಆ ಗ್ರಂಥಿಗೆ ಹೋಗಿ ಅದರ ಸೊಕ್ಕು ಇಳಿಸುತ್ತದೆ.

"ನೀವು ಸೊಪ್ಪಿನ್ಯಾಗ ಹುಡುಕೂದು ನನಗ ನುಂಗಸ್ತಾರಂತೇನು?" ಎಂದರು ಕಾಕೂ, ಮನೆಗೆ ಬಂದ ಮೇಲೆ.

"ನಾವು ಹುಡುಕೂದು ಇರುವೆ. ಇದು ಆನಿ," ಎಂದರು ಕಾಕಾ. ಸಮಾಧಾನ ಹೇಳುವ ಕಲೆ ಅವರಿಗೆ ಇಷ್ಟೇ ಒಲಿದದ್ದು.

"ನುಂಗಿದ ಮ್ಯಾಲ?"

"ಹತ್ತು ದಿನ ನಿನ್ನ ಮೈಯಿಂದ ಅದು ಹೊರಗ ಬರತೈತಿ. ಅಲ್ಲೀತನಾ ಎಲ್ಲಾರೂ ಎರಡು ಮೀಟರ್ ದೂರ ಇರಬೇಕು. ತಾಟು ಬ್ಯಾರೆ, ಹಾಸಗಿ ಬ್ಯಾರೆ, ಖೋಲಿ ಬ್ಯಾರೆ."

"ಯಾರೂ ಮುಟ್ಟಂಗಿಲ್ಲ?"

"ಮುಟ್ಟಂಗಿಲ್ಲ."

"ಹಂಗಾದ್ರ ನನಗ ಬ್ಯಾಡ. ಕೈ ನಡುಗಿದ್ರ ನಡುಗಲಿ."

ನೀವು ಕಾಕೂನನ್ನು ನೋಡಿಲ್ಲ, ಅದಕ್ಕೇ ಹೇಳಬೇಕು. ಅವರು ಮಾತಾಡುವುದೇ ಕೈಯಿಂದ. ಎದುರಿನವರ ಮಣಿಕಟ್ಟು ಹಿಡಿಯದೆ ಅವರಿಗೆ ಒಂದು ವಾಕ್ಯ ಪೂರ್ತಿ ಮಾಡಲು ಬರುವುದಿಲ್ಲ. ನನ್ನ ಕಾಲರು ಸರಿಪಡಿಸುತ್ತಾರೆ, ಹಾಲಿನವನ ಅಂಗಿಗೆ ಹತ್ತಿದ ದಾರ ತೆಗೆಯುತ್ತಾರೆ, ಮೇಲಿನ ಮನೆಯ ಆಂಟಿಯ ಜೊತೆ ಜಗಳವನ್ನೂ ಆಕೆಯ ಮೊಣಕೈ ಹಿಡಿದುಕೊಂಡೇ ಆಡುತ್ತಾರೆ. ಅಂಥವರಿಗೆ ಹತ್ತು ದಿನ ಯಾರೂ ಹತ್ತಿರ ಬರುವಂತಿಲ್ಲವೆಂದರೆ, ಔಷಧಕ್ಕಿಂತ ಆ ನಡುಕವೇ ವಾಸಿ ಎನಿಸಿತು. ಡಾಕ್ಟರಿಗೆ ಅದು ವಾಸಿ ಎನಿಸಲಿಲ್ಲ. ಹೀಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು ಎಂದರು.

ಮೂರು ವಾರ ಕಾಕೂ ಜಗ್ಗಲಿಲ್ಲ. ನಾನು ಡಾಕ್ಟರ ಧ್ವನಿಯಲ್ಲಿ ಹೆದರಿಸಿ ನೋಡಿದೆ, ನಮ್ಮಪ್ಪನ ಧ್ವನಿಯಲ್ಲಿ ಗದರಿಸಿ ನೋಡಿದೆ. ಎಲ್ಲಕ್ಕೂ ನಕ್ಕು, "ಛಲೋ ಮಾಡ್ತಿ, ಆದ್ರ ಬ್ಯಾಡ," ಎಂದರು. ಒಂದು ಮಧ್ಯಾಹ್ನ ಅವರೇ ಕಾಕಾನನ್ನು ಕೇಳಿದರು: "ನೀವು ಎಂದೂ ಸುಳ್ಳು ಹೇಳಿದವರಲ್ಲ. ಇದರಿಂದ ನನಗ ಏನರೆ ಆಗತೈತೇನು? ನೀವು ಇಲ್ಲ ಅಂದ್ರ ನುಂಗತೀನಿ."

ಈ ಮನುಷ್ಯ ಈಗ ಫ್ಯಾನು ನೋಡುತ್ತಾನೆ, ಇಲ್ಲ ಅಂತ ಹೇಳಾಕ ಬರೂದಿಲ್ಲ ಅನ್ನುತ್ತಾನೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಕಾಕಾ ಫ್ಯಾನು ನೋಡಲಿಲ್ಲ. "ಇಲ್ಲ," ಎಂದರು.

"ನನ್ನನ್ನ ಒಬ್ಬಾಕಿನ್ನ ಬಿಟ್ಟು ಹೋಗಂಗಿಲ್ಲ?"

"ಎಲ್ಲಿ ಹೋಗ್ಲಿ? ಎರಡು ಮೀಟರ್ ದೂರ ಇರ್ತೀನಿ."

ಹೀಗೆ ಕಾಕೂ ಒಂದು ಸೋಮವಾರ ಔಷಧ ನುಂಗಿ ಬಂದರು. ಕಾಕಾ ರಜೆ ಹಾಕಿದರು. ಕಾಕೂನ ಕೋಣೆಯ ಮುಂದೆ ಟೇಪು ಹಿಡಿದು ಅಳೆದು ಬಿಳಿ ಪಟ್ಟಿ ಅಂಟಿಸಿದರು, ಪಟ್ಟಿಯ ಈಚೆ ಒಂದು ಕುರ್ಚಿ ಹಾಕಿದರು. ನಾನು ಊಟದ ತಾಟನ್ನು ಪಟ್ಟಿಯ ಮೇಲಿಟ್ಟು ಹಿಂದೆ ಸರಿಯಬೇಕು, ಕಾಕೂ ಬಂದು ಎತ್ತಿಕೊಳ್ಳಬೇಕು. ನನ್ನ ಪಾದದ ಬೆರಳು ಪಟ್ಟಿ ದಾಟಿದರೆ ಕಾಕಾ ಪೊಲೀಸನಂತೆ ಗದರುತ್ತಿದ್ದರು. ದಾಟುವ ಧೈರ್ಯ ಯಾರಿಗಿತ್ತು? ಕಾಕಾ ಹೇಳಿದ್ದು ಎರಡು ಮೀಟರ್, ನಾನು ನಿಂತದ್ದು ನಾಲ್ಕು. ಮೊದಲ ದಿನವಂತೂ ಪಕ್ಕದ ಕೋಣೆಯಿಂದ ಕಾಕೂಗೆ ಫೋನು ಮಾಡಿ ಮಾತಾಡಿದೆ. "ಇಷ್ಟ ಹತ್ತಿರದಿಂದ ಟ್ರಂಕ್ ಕಾಲ್ ಮಾಡಾಕ ನಾಚಿಕಿ ಬರೂದಿಲ್ಲೇನೋ?" ಎಂದರು ಅವರು. ಬಂತು. ಮರುದಿನದಿಂದ ಮೂರು ಮೀಟರಿಗೆ ಬಂದು, ಡ್ಯೂಟಿಗೆ ಹೋಗುವ ಮುನ್ನ ಒಂದರ್ಧ ಗಂಟೆ ಇಡೀ ಗಲ್ಲಿಯನ್ನು ಅಣಕಿಸಿ ತೋರಿಸಿ ಹೋಗುತ್ತಿದ್ದೆ. ನಾನು ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ.

ಹತ್ತು ದಿನ ಮುಗಿಯಿತು. ಡಾಕ್ಟರು ಸಾಕು ಎಂದರು. ಕಾಕಾ ಎರಡು ಸಲ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಕೆಲಸಕ್ಕೆ ಹೋದರು. ಎರಡನೆಯ ದಿನ ಮಧ್ಯಾಹ್ನ ನಾನು ಕೌಂಟರಿನಲ್ಲಿ ಯಾರದೋ ಸೂಟ್‌ಕೇಸಿಗಾಗಿ ಕ್ಷಮೆ ಕೇಳುತ್ತಿದ್ದಾಗ ಫೋನು ಬಂತು. ಹೆಂಗಸಿನ ಧ್ವನಿ, ಗಟ್ಟಿ ಹಿಂದಿ.

"ಆಪ್ ಉನ್ ಕೇ ಭತೀಜೇ ಹೈ ನಾ? ಏಕ್ ಜೋಡಿ ಕಪಡೇ ಲೇಕೇ ಆಯಿಯೇ."

ಮೇಡಂ. ನೀವು ಅವರ ಅಣ್ಣನ ಮಗನಲ್ಲವೇ, ಒಂದು ಜೊತೆ ಬಟ್ಟೆ ತನ್ನಿ ಎಂದರೆ ಏನು ಅರ್ಥ? ಕಾಕಾಗೆ ಏನಾಯಿತು ಎಂದರೆ, "ಕುಛ್ ನಹೀಂ ಹುವಾ, ಕಪಡೇ ಲಾಯಿಯೇ," ಏನೂ ಆಗಿಲ್ಲ, ಬಟ್ಟೆ ತನ್ನಿ ಎಂದು ಫೋನು ಇಟ್ಟುಬಿಟ್ಟರು. ನಾನು ನನ್ನ ಲಾಕರಿನಲ್ಲಿದ್ದ ಜೀನ್ಸ್, ಹಳದಿ ಟೀಶರ್ಟು ಎತ್ತಿಕೊಂಡು ಓಡಿದೆ.

ಪ್ರಯೋಗಾಲಯದಲ್ಲಿ ಕಾಕಾ ಬಿಳಿ ಏಪ್ರನ್ ಒಂದನ್ನು ಮೈಗೆ ಸುತ್ತಿಕೊಂಡು, ಬರಿಗಾಲಿನಲ್ಲಿ, ಸ್ಟೂಲಿನ ಮೇಲೆ ಕೂತಿದ್ದರು. ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನ ಮುಖ. ಮೇಡಂ ನನಗೆ ಒಂದು ಗ್ರಾಫು ತೋರಿಸಿದರು. ಕಾಕಾನ ಖಾಲಿ ಡಬ್ಬಿಯದು. ಆ ಸಪಾಟು ಗೆರೆಯ ನಡುವೆ ಒಂದು ಹಲ್ಲು ಎದ್ದು ನಿಂತಿತ್ತು.

ಅಯೋಡಿನ್ ಎಂದರು ಮೇಡಂ. ಎಂಟೆಂಟು ದಿನಕ್ಕೆ ಅರ್ಧವಾಗುತ್ತ ಮಾಯವಾಗಿಬಿಡುವ ವಸ್ತು ಅದು. ಗಾಳಿಯಲ್ಲೋ ಹಾಲಿನಲ್ಲೋ ಕಂಡರೆ, ಎಲ್ಲೋ ಈಚೆಗೆ ಏನೋ ಆಗಿದೆ ಎಂದರ್ಥ. ಖಾಲಿ ಡಬ್ಬಿಯಲ್ಲಿ ಕಂಡದ್ದೇ ತಡ, ಒಬ್ಬರು ಮಳೆನೀರು ಹಿಡಿದಿಟ್ಟದ್ದನ್ನು ತರಲು ಓಡಿದರು, ಮೇಡಂ ಮೇಲಿನವರಿಗೆ ಫೋನು ಮಾಡಲು ರಿಸೀವರು ಎತ್ತಿದರು. ಆಗ ಕಾಕಾ ಕೈ ಎತ್ತಿ, "ಮೇಡಂ, ಅದು ಆಕಾಶದಿಂದ ಬಂದದ್ದಲ್ಲ. ನನ್ನಿಂದ ಬಂದದ್ದು," ಎಂದರಂತೆ.

ವಿಕಿರಣ ಹುಡುಕುವ ಸಲಕರಣೆ ಹಿಡಿದು ಅವರ ಮೈಯೆಲ್ಲ ತಡಕಿದರು. ಚಪ್ಪಲಿಯಲ್ಲಿ ಹೆಚ್ಚಿಲ್ಲ, ಅಂಗಿಯ ತೋಳಿನಲ್ಲಿ ತುಸು, ಅಂಗೈಯಲ್ಲಿ ತುಸು. ಎಡಗೈ ಗಡಿಯಾರದ ಚರ್ಮದ ಪಟ್ಟಿಯ ಹತ್ತಿರ ಬಂದಾಗ ಸಲಕರಣೆ ಕಿರುಚಿತಂತೆ. ಡಬ್ಬಿ ಒರೆಸಿ ಒಳಗೆ ಇಟ್ಟದ್ದು ಅದೇ ಕೈ. ಎರಡು ಸ್ನಾನಕ್ಕೂ ಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟವರು, ಸ್ನಾನ ಮುಗಿಸಿ ಮತ್ತೆ ಅದನ್ನೇ ಕಟ್ಟಿಕೊಂಡಿದ್ದರು. ಊರಿನ ಸೊಪ್ಪನ್ನೆಲ್ಲ ಮೂರು ನೀರಿನಲ್ಲಿ ತೊಳೆದ ಮನುಷ್ಯ.

"ಯಾರಿಗೂ ಅಪಾಯ ಆಗುವಷ್ಟಲ್ಲ," ಎಂದು ಮೇಡಂ ನನಗೆ ಹೇಳಿ, ಕಾಕಾನ ಕಡೆ ತಿರುಗಿದರು. ಕಾಕೂನ ಚಿಕಿತ್ಸೆಯ ವಿಷಯ ರಜೆ ಅರ್ಜಿಯಲ್ಲೇ ಇತ್ತಲ್ಲ. "ರೆಂಡು ಮೀಟರ್ಲು ಅನ್ನಾರು ಕದಾ?" ಎರಡು ಮೀಟರ್ ಎಂದಿದ್ದಿರಲ್ಲ, ಅಷ್ಟು ಆಚೆಯಿಂದ ಗಡಿಯಾರದ ಪಟ್ಟಿಗೆ ಹೇಗೆ ಹತ್ತಿತು?

ಕಾಕಾ ತಲೆ ಎತ್ತಿದರು. ಆ ಕೋಣೆಯಲ್ಲಿ ಫ್ಯಾನು ಇರಲಿಲ್ಲ.

"ಜಡ ವೇಶಾನು ಮೇಡಂ," ಎಂದರು. ಜಡೆ ಹಾಕಿದೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇಂಥ ಘಟನೆಗಳನ್ನು ಬರೆದಿಡುವ ರಿಜಿಸ್ಟರು ಎಳೆದುಕೊಂಡರು. ಹಿಂದಿನ ಸಾಲುಗಳಲ್ಲಿ ಕೈಗವಸು ಹರಿದದ್ದು, ಭಟ್ಟಿಯ ಬಾಗಿಲು ಸಡಿಲವಾದದ್ದು ಎಲ್ಲ ಇತ್ತು. 'ಕಾರಣ' ಎಂಬ ಕಾಲಮ್ಮಿನ ಮುಂದೆ ಪೆನ್ನು ನಿಂತಿತು. "ಏನು ಬರೆಯಲಿ?"

"ನಿಜಾನೇ ಬರೀರಿ," ಎಂದರು ಕಾಕಾ.

ಮೇಡಂ ಬರೆದರು. ನಾನು ಕತ್ತು ಚಾಚಿ ಓದಿದೆ. ಇಂಗ್ಲಿಷಿನಲ್ಲಿ, ಸಹಿ ಸಮೇತ, ಸರ್ಕಾರಿ ಕಾಗದದಷ್ಟೇ ಗಂಭೀರವಾಗಿ: ಪತ್ನಿಗೆ ಜಡೆ ಹಾಕಿದ್ದರಿಂದ.

ಕಾಕಾನ ಗಡಿಯಾರ, ಬಟ್ಟೆ ಎಲ್ಲ ಸೀಸದ ಪೆಟ್ಟಿಗೆ ಸೇರಿದವು. ಅಯೋಡಿನ್ ಪೂರ್ತಿ ಇಳಿಯುವವರೆಗೆ ಎಣಿಸುವ ಕೋಣೆಗೆ ಕಾಲಿಡಬಾರದೆಂದು ಮೇಡಂ ಮನೆಗೆ ಕಳಿಸಿದರು. ಜೀವನದಲ್ಲಿ ಮೊದಲ ಸಲ ಜೀನ್ಸ್ ತೊಟ್ಟು, ಅದರ ಅಂಚು ನಾಲ್ಕು ಮಡಿಕೆ ಮಡಚಿ, ಹಳದಿ ಟೀಶರ್ಟಿನಲ್ಲಿ ಕಾಕಾ ಆಟೋ ಹತ್ತಿದರು. ಎದುರಿಗೆ ಇಷ್ಟು ದೊಡ್ಡ ಸರಕು ಸಿಕ್ಕರೆ ನಾನು ಬಿಡುವವನೇ?

"ಕಾಕಾ, ಎರಡು ಮೀಟರ್?"

"ಹೆರಳು ಹಾಕಾಕ ಎರಡು ಮೀಟರ್ ಉದ್ದ ಕೈ ಇಲ್ಲಲೇ ನನಗ."

ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು. ಔಷಧ ನುಂಗಿದ ಎರಡನೆಯ ದಿನ ನಾನು ಡ್ಯೂಟಿಗೆ ಹೋದ ಮೇಲೆ ಕಾಕೂ ತಲೆ ಬಾಚಿಕೊಳ್ಳಲು ಕೂತರಂತೆ. ಕಾಕಾ ಪಟ್ಟಿಯ ಈಚೆ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ಒಳಗೆ ಬಾಚಣಿಗೆ ನೆಲಕ್ಕೆ ಬಿತ್ತು. ಮತ್ತೆ ಬಿತ್ತು. ಬೀಳುವುದನ್ನು ಎಣಿಸುತ್ತಾ ಕೂತರಂತೆ, ಅದೊಂದು ಅವರಿಗೆ ಬರುವ ವಿದ್ಯೆ. ಆರನೆಯ ಸಲ ಬಿದ್ದ ಮೇಲೆ ಎತ್ತಿಕೊಳ್ಳುವ ಸಪ್ಪಳ ಬರಲಿಲ್ಲ.

"ಕಾಕೂ ಕರದ್ರೇನು?"

"ಕರೀಲಿಲ್ಲ. ಕೂದಲಾ ಬಿಚ್ಚಿಕೊಂಡು ಗ್ವಾಡಿ ಕಡೆ ಮುಖಾ ಮಾಡಿ ಕುಂತಿದ್ಲು." ಕಾಕಾ ರಸ್ತೆ ನೋಡುತ್ತಿದ್ದರು. "ನಾ ಲೆಕ್ಕಾ ಹಾಕೀನಪಾ. ದಿನಕ್ಕ ಐದು ನಿಮಿಷದ ಕೆಲಸ. ಐದು ನಿಮಿಷದಾಗ ನನಗೇನೂ ಆಗೂದಿಲ್ಲ."

"ಐದು ನಿಮಿಷದಾಗ ಮುಗೀತಿತ್ತೇನು?"

"ಮೊದಲ ದಿನ ನಲವತ್ತು ನಿಮಿಷ ಹಿಡೀತು. ಹೆರಳಿಗೆ ಮೂರು ಕಾಲು ಇರತಾವಂತ ನನಗೆಲ್ಲಿ ಗೊತ್ತಿತ್ತು? ಎರಡರಾಗ ಹೆಣದೆ, ನಿಲ್ಲಲೇ ಇಲ್ಲ."

ಮನೆ ಹತ್ತಿರ ಬಂದಾಗ ನನ್ನ ಮಣಿಕಟ್ಟು ಹಿಡಿದು, "ಅಕೀಗೆ ಹೇಳಬ್ಯಾಡ," ಎಂದರು. "ತನ್ನಿಂದ ನನಗ ಹತ್ತೈತಿ ಅಂತ ಗೊತ್ತಾದ್ರ ನನ್ನ ಹತ್ತಿರ ಬರಗೊಡೂದಿಲ್ಲ. ಇನ್ನೂ ಕೈ ನಡಗತಾವು." ಬಾಗಿಲು ತೆಗೆದ ಕಾಕೂ ಆ ಜೀನ್ಸು ನೋಡಿ ಬಾಯಿ ತೆರೆಯುವ ಮೊದಲೇ ಕಾಕಾ, "ಲ್ಯಾಬಿನ್ಯಾಗ ನೀರಿನ ಪೈಪು ಒಡೀತು. ಯಂತ್ರನೂ ಕೆಟ್ಟೈತಿ. ಇನ್ನೊಂದೀಟು ದಿನಾ ರಜಾ," ಎಂದರು. ಒಂದೇ ಉಸಿರಿಗೆ ಎರಡು ಸುಳ್ಳು.

ಔಷಧ ನಿಧಾನಕ್ಕೆ ಕೆಲಸ ಮಾಡಿತು. ಗಡಿಯಾರ ಹಿಂದಕ್ಕೆ ಬಂತು, ಖಾಲಿ ಡಬ್ಬಿಯ ಗೆರೆ ಮತ್ತೆ ಸಪಾಟಾಯಿತು, ಕಾಕಾ ಕೆಲಸಕ್ಕೆ ಹೋಗತೊಡಗಿದರು. ಜಡೆ ಮಾತ್ರ ಅವರ ಪಾಲಿಗೇ ಉಳಿಯಿತು. ಬೆಳಿಗ್ಗೆ ಚಹಾ ಆದ ಮೇಲೆ ವರಾಂಡದಲ್ಲಿ ಕಾಕೂ ಕೆಳಗೆ, ಕಾಕಾ ಸ್ಟೂಲಿನ ಮೇಲೆ. ನಲವತ್ತು ನಿಮಿಷ ಹತ್ತಕ್ಕಿಳಿಯಿತು. ಮೇಲಿನ ಮನೆಯ ಆಂಟಿ ಬಟ್ಟೆ ಒಣಹಾಕುವ ನೆಪದಲ್ಲಿ ಬಗ್ಗಿ ನೋಡಿ, ತಮ್ಮ ಗಂಡನಿಗೆ ಏನೋ ಅಂದದ್ದು ನಮಗೂ ಕೇಳಿತು.

ಎರಡು ತಿಂಗಳಾಗಿರಬೇಕು. ಒಂದು ಭಾನುವಾರ ಕಾಕೂ ಚಹಾ ತಂದಿಟ್ಟರು, ಬಸಿ ಸಪ್ಪಳ ಮಾಡಲಿಲ್ಲ. ನಾನು ತಲೆ ಎತ್ತಿದೆ. ಕುಂಕುಮ ನಟ್ಟ ನಡುವೆ ಇತ್ತು. ಬೆನ್ನ ಮೇಲೆ ಜಡೆ, ಬಿಗಿಯಾಗಿ, ನೆಟ್ಟಗೆ, ಎಷ್ಟೋ ದಿನದ ಮೇಲೆ ಅವರೇ ಹಾಕಿಕೊಂಡದ್ದು.

"ನೋಡಿದೇನು?" ಎಂದು ಎರಡೂ ಕೈ ನನ್ನ ಮುಂದೆ ಚಾಚಿದರು. ಕೈ ಗಟ್ಟಿಯಾಗಿ ನಿಂತಿತ್ತು.

ಅಷ್ಟರಲ್ಲಿ ಕಾಕಾ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಬಾಚಣಿಗೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದರು. ಜಡೆ ನೋಡಿದರು. ಬಾಗಿಲಲ್ಲೇ ನಿಂತರು.

"ಇವತ್ತು ನಾನೇ ಹಾಕ್ಕೊಂಡೆ ರೀ. ಒಂದು ಸಲಾನೂ ಬಾಚಣಿಗಿ ಬೀಳಲಿಲ್ಲ."

"ಹೌದಾ," ಎಂದರು ಕಾಕಾ. "ಛಲೋ ಆತು. ಭಾಳ ಛಲೋ ಆತು." ಸ್ಟೂಲನ್ನು ಎಲ್ಲಿಡಬೇಕೆಂದು ತಿಳಿಯದೆ ಈ ಗೋಡೆ, ಆ ಗೋಡೆ ನೋಡಿದರು. ಬಾಚಣಿಗೆಯನ್ನು ಅಂಗಿಯ ಜೇಬಿಗೆ ಹಾಕಿದರು, ಅದು ಹೊರಗೆ ಚಾಚಿಕೊಂಡಿತ್ತು.

ಕಾಕೂ ಅವರನ್ನೇ ನೋಡುತ್ತಿದ್ದರು. ಆಮೇಲೆ ಕೈ ಹಿಂದೆ ಮಾಡಿ ಜಡೆಯನ್ನು ಮುಂದಕ್ಕೆ ತಂದುಕೊಂಡರು. ತುದಿಯ ಕಪ್ಪು ದಾರವನ್ನು ಆ ನಡುಗದ ಬೆರಳುಗಳಿಂದ ಎಳೆದು ಬಿಚ್ಚಿದರು. ಒಂದೊಂದೇ ಎಳೆ ಬಿಡಿಸಿ, ಕೂದಲನ್ನೆಲ್ಲ ಬೆನ್ನಿಗೆ ಹರಡಿ, ನೆಲಕ್ಕೆ ಕೂತರು.

"ಸ್ಟೂಲು ಇಡ್ರಿ ಇಲ್ಲಿ," ಎಂದರು. "ಕಿವಿ ಹತ್ತಿರ ಸಡ್ಲಾಗೈತಿ."